ಇಲಿ ಜ್ವರದ ನಂತರ ಬರುವ ಕಣ್ಣಿನ ಉರಿಯೂತ: ಚಿಕಿತ್ಸೆಗೆ ಮೊದಲೂ ನಂತರವೂ ಅಕ್ಷಿಪಟಲದ ಚಿತ್ರ

ಮಳೆಗಾಲದಲ್ಲಿ ಕೆಸರುಗದ್ದೆಯಲ್ಲಿ, ಅಡಿಕೆ ತೋಟದ ಬಸಿಗಾಲುವೆಯಲ್ಲಿ, ಕೊಟ್ಟಿಗೆಯ ಗಂಜಲಗುಂಡಿಯ ಬಳಿ ಬರಿಗಾಲಿನಲ್ಲಿ ಕೆಲಸ ಮಾಡುವವರಿಗೆ ಇಲಿ ಜ್ವರ ತಗಲುವ ಸಂಭವ ಹೆಚ್ಚೆಂಬುದು ಕರಾವಳಿ ಮತ್ತು ಮಲೆನಾಡಿನ ರೈತರಿಗೆ ಹೊಸ ಸಂಗತಿಯಲ್ಲ. ಜ್ವರ, ತಲೆನೋವು, ಮೀನಖಂಡಗಳ ಸೆಳೆತ, ರೋಗ ಉಲ್ಬಣಿಸಿದರೆ ಕಾಮಾಲೆ ಮತ್ತು ಮೂತ್ರಪಿಂಡದ ತೊಂದರೆ, ಇಷ್ಟನ್ನು ಬಹಳ ಮಂದಿ ಬಲ್ಲರು. ಆದರೆ ಜ್ವರ ಬಿಟ್ಟು ವಾರಗಳೋ ತಿಂಗಳುಗಳೋ ಕಳೆದು, ರೋಗಿಯು ಮತ್ತೆ ಹೊಲದ ಕೆಲಸಕ್ಕೆ ಇಳಿದ ಮೇಲೆ, ಅದೇ ರೋಗ ಕಣ್ಣಿನೊಳಗೆ ಉರಿಯೂತವಾಗಿ ಕಾಣಿಸಿಕೊಳ್ಳಬಹುದೆಂಬುದು ಅನೇಕರಿಗೆ ತಿಳಿಯದು. ತಿಳಿಯದ ಕಾರಣ ಆ ಹಳೆಯ ಜ್ವರದ ಮಾತನ್ನು ಕಣ್ಣಿನ ವೈದ್ಯರ ಮುಂದೆ ಯಾರೂ ಎತ್ತುವುದಿಲ್ಲ.

ಈ ಉರಿಯೂತಕ್ಕೆ ವೈದ್ಯರು ಯುವೈಟಿಸ್ ಎನ್ನುತ್ತಾರೆ. ಕಣ್ಣುಗುಡ್ಡೆಯ ಬಿಳಿಯ ಹೊರಪದರವನ್ನು ಸುಲಿದರೆ ಒಳಗೆ ರಕ್ತನಾಳಗಳಿಂದ ತುಂಬಿದ ಕಪ್ಪು ಪದರವೊಂದು ಸಿಗುತ್ತದೆ. ನೋಟಕ್ಕೆ ಅದು ಕಪ್ಪು ದ್ರಾಕ್ಷಿ ಹಣ್ಣಿನಂತೆ ಇರುವುದರಿಂದ, ಲ್ಯಾಟಿನ್ ಭಾಷೆಯಲ್ಲಿ ದ್ರಾಕ್ಷಿ ಎಂಬ ಅರ್ಥದ ಮಾತಿನಿಂದಲೇ ಆ ಪದರಕ್ಕೆ ಯುವಿಯಾ ಎಂಬ ಹೆಸರು ಬಂದಿದೆ. ದ್ರಾಕ್ಷಿ ಬೆಳೆಗಾರರು ಈ ಹೆಸರನ್ನು ಮರೆಯಲಾರರು! ಆ ಪದರಕ್ಕೆ ಅಂಟಿಕೊಂಡಂತೆ ಒಳಗಡೆ ತೆಳ್ಳಗೆ ಹರಡಿರುವುದೇ ಅಕ್ಷಿಪಟಲ. ನಾವು ನೋಡುವ ವಸ್ತುವಿನ ಬಿಂಬ ಬೀಳುವುದು ಅಲ್ಲಿಯೇ. ಕಣ್ಣಿನ ನಡುಭಾಗದಲ್ಲಿ ಗಾಜಿನಂತೆ ತಿಳಿಯಾದ ಲೋಳೆ ತುಂಬಿರುತ್ತದೆ.

ಮದುರೆಯಲ್ಲಿ ಕಂಡದ್ದು

ಇಲಿ ಜ್ವರಕ್ಕೂ ಕಣ್ಣಿಗೂ ಇರುವ ನಂಟು ದಕ್ಷಿಣ ಭಾರತದಲ್ಲಿ ಎದ್ದು ಕಂಡದ್ದು ತಮಿಳುನಾಡಿನ ಮದುರೆಯಲ್ಲಿ. 1993ರ ಕೊನೆಯ ಭಾಗದಲ್ಲಿ ಆ ಜಿಲ್ಲೆಯಲ್ಲಿ ಭಾರಿ ಮಳೆಯಾಗಿ ಪ್ರವಾಹ ಬಂದಿತು. ಅದಾದ ಮುಂದಿನ ತಿಂಗಳುಗಳಲ್ಲಿ ಅಲ್ಲಿನ ಅರವಿಂದ ಕಣ್ಣಿನ ಆಸ್ಪತ್ರೆಗೆ ಕಣ್ಣಿನ ಒಳ ಉರಿಯೂತದಿಂದ ನರಳುವವರು ಎಂದಿಗಿಂತ ಹೆಚ್ಚಾಗಿ ಬರತೊಡಗಿದರು. ಡಾ. ಎಸ್. ಆರ್. ರತಿನಂ, ಡಾ. ಪಿ. ನಂಪೆರುಮಾಳ್‌ಸಾಮಿ ಮತ್ತು ಅವರ ಸಹೋದ್ಯೋಗಿಗಳು ಅಮೆರಿಕದ ತಜ್ಞರೊಡಗೂಡಿ ಈ ರೋಗಿಗಳನ್ನು ಪರೀಕ್ಷಿಸಿ, ಇಲಿ ಜ್ವರದ ಸೋಂಕಿಗೆ ಸಂಬಂಧಿಸಿದ 73 ಜನರ ವಿವರಗಳನ್ನು 1997ರಲ್ಲಿ ಪ್ರಕಟಿಸಿದರು. ಹೆಚ್ಚುಕಡಿಮೆ ಎಲ್ಲ ಕಣ್ಣುಗಳಲ್ಲಿಯೂ ಉರಿಯೂತವು ಮುಂಭಾಗಕ್ಕೆ ನಿಲ್ಲದೆ ಕಣ್ಣಿನ ಒಳಗೆಲ್ಲ ಹರಡಿತ್ತು. ಸುಮಾರು ಅರ್ಧದಷ್ಟು ಕಣ್ಣುಗಳಲ್ಲಿ ಅಕ್ಷಿಪಟಲದ ರಕ್ತನಾಳಗಳ ಗೋಡೆಗಳೂ ಊದಿಕೊಂಡಿದ್ದವು.

ರೋಗಕ್ಕೆ ಕಾರಣ ಲೆಪ್ಟೊಸ್ಪೈರಾ ಎಂಬ ಸುರುಳಿಯಾಕಾರದ ಸೂಕ್ಷ್ಮಾಣು. ಇಲಿ, ಹೆಗ್ಗಣಗಳ ಮೂತ್ರದಲ್ಲಿ ಮಾತ್ರವಲ್ಲ, ಸೋಂಕು ತಗಲಿದ ದನ, ಎಮ್ಮೆ, ಹಂದಿ, ನಾಯಿಗಳ ಮೂತ್ರದಲ್ಲಿಯೂ ಅದು ಹೊರಬರುತ್ತದೆ. ಒಣ ನೆಲದಲ್ಲಿ ಬೇಗ ಸಾಯುತ್ತದೆ. ನಿಂತ ನೀರಿನಲ್ಲಿ, ಒದ್ದೆ ಮಣ್ಣಿನಲ್ಲಿ ವಾರಗಟ್ಟಲೆ ಬದುಕುತ್ತದೆ. ಕಾಲಿನ ಬಿರುಕು, ತರಚು ಗಾಯ, ಕಣ್ಣು, ಬಾಯಿಗಳ ಮೂಲಕ ದೇಹವನ್ನು ಸೇರುತ್ತದೆ. ಹಸುಗಳಲ್ಲಿ ಇದೇ ಜಾತಿಯ ಸೂಕ್ಷ್ಮಾಣುಗಳಿಂದ ಕಂದು ಹಾಕುವುದು, ಹಾಲು ಹಠಾತ್ತನೆ ಇಳಿಯುವುದು ಉಂಟು. ಕುದುರೆಗಳಲ್ಲಿಯಂತೂ ಬಿಟ್ಟು ಬಿಟ್ಟು ಮರುಕಳಿಸಿ ಕೊನೆಗೆ ಕುರುಡು ಮಾಡುವ ಕಣ್ಣಿನ ಉರಿಯೂತಕ್ಕೆ ಇದೊಂದು ಮುಖ್ಯ ಕಾರಣವೆಂದು ಪಶುವೈದ್ಯರು ಬಹುಕಾಲದಿಂದ ಬಲ್ಲರು. ಮನುಷ್ಯರ ವಿಷಯದಲ್ಲಿ ನಮ್ಮ ಅದೃಷ್ಟ ಸ್ವಲ್ಪ ಮೇಲು. ಸಕಾಲಕ್ಕೆ ಚಿಕಿತ್ಸೆ ದೊರೆತರೆ ಬಹುಪಾಲು ರೋಗಿಗಳಿಗೆ ಒಳ್ಳೆಯ ದೃಷ್ಟಿ ಮರಳುತ್ತದೆ. ಸಕಾಲಕ್ಕೆ ಎಂಬ ಮಾತು ಮುಖ್ಯ.

ಸಾಧಾರಣ ಕಣ್ಣುಬೇನೆಗೂ ಇದಕ್ಕೂ ಇರುವ ವ್ಯತ್ಯಾಸ

ಹಳ್ಳಿಗಳಲ್ಲಿ ಮದ್ರಾಸ್ ಕಣ್ಣು ಎಂದು ಕರೆಯುವ ಕಣ್ಣುಬೇನೆಯಲ್ಲಿ ಪಿಸುರು ಬರುತ್ತದೆ, ಬೆಳಗ್ಗೆ ರೆಪ್ಪೆಗಳು ಅಂಟಿಕೊಳ್ಳುತ್ತವೆ, ಮನೆಯಲ್ಲಿ ಒಬ್ಬರಿಂದೊಬ್ಬರಿಗೆ ಹರಡುತ್ತದೆ. ಆದರೆ ದೃಷ್ಟಿ ಸಾಮಾನ್ಯವಾಗಿ ಮಂಜಾಗುವುದಿಲ್ಲ. ಒಳ ಉರಿಯೂತದಲ್ಲಿ ಪಿಸುರು ಇರುವುದಿಲ್ಲ. ಕಪ್ಪುಗುಡ್ಡೆಯ ಸುತ್ತ ಕೆಂಪು ಬಳೆಯಂತೆ ಕಾಣುತ್ತದೆ. ಬೆಳಕು ನೋಡಲಾಗದು, ಒಳಗೆ ನೋವು ಇರುತ್ತದೆ, ಕಣ್ಣಮುಂದೆ ಸೊಳ್ಳೆ, ನೂಲಿನೆಳೆಗಳು ತೇಲಿದಂತಾಗುತ್ತದೆ, ದಿನೇ ದಿನೇ ನೋಟ ಮಸುಕಾಗುತ್ತದೆ. ಕೆಲವರಿಗೆ ಕಪ್ಪುಗುಡ್ಡೆಯ ಹಿಂದೆ ತಳದಲ್ಲಿ ಬಿಳಿಯ ಕೀವಿನ ಗೆರೆ ನಿಂತಿರುತ್ತದೆ. ಇಂಥ ಚಿಹ್ನೆಗಳಲ್ಲಿ ಒಂದೆರಡು ಕಂಡರೂ ಔಷಧಿ ಅಂಗಡಿಯ ಹನಿಗಳನ್ನು ನೆಚ್ಚದೆ ಕಣ್ಣಿನ ವೈದ್ಯರನ್ನು ಕಾಣತಕ್ಕದ್ದು.

ಅಂಗಡಿಯ ಹನಿಯ ಬಗ್ಗೆ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಕೆಂಪು ಕಣ್ಣಿಗೆಂದು ಕೊಡುವ ಕೆಲವು ಹನಿಗಳಲ್ಲಿ ಸ್ಟೀರಾಯ್ಡ್ ಔಷಧಿ ಇರುತ್ತದೆ. ಕೊಯ್ಲು, ಒಕ್ಕಣೆಯ ಕಾಲದಲ್ಲಿ ಬತ್ತದ ಹೊಟ್ಟು ಅಥವಾ ಗರಿ ತಗಲಿ ಕಪ್ಪುಗುಡ್ಡೆಗೆ ಬೂಷ್ಟು ಹುಣ್ಣಾಗಿದ್ದರೆ ಈ ಹನಿಯಿಂದ ಹುಣ್ಣು ಕೆರಳಿ ಕಣ್ಣೇ ಹೋಗಬಹುದು. ಒಳ ಉರಿಯೂತಕ್ಕೆ ಕೊಡುವ ಮುಖ್ಯ ಔಷಧಿಯೂ ಸ್ಟೀರಾಯ್ಡೇ. ಒಂದೇ ಬಾಟಲಿ ಒಬ್ಬರ ಕಣ್ಣನ್ನು ಉಳಿಸಿ ಇನ್ನೊಬ್ಬರ ಕಣ್ಣನ್ನು ಕೆಡಿಸಬಲ್ಲದು. ಆದ್ದರಿಂದ ಪಕ್ಕದ ಮನೆಯವರ ಹನಿ ಹಾಕಿಕೊಳ್ಳುವುದು ಸಲ್ಲದು.

ಕಣ್ಣಿನ ಹಿಂಭಾಗದ ಚಿತ್ರ

ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಪ್ರಕಟಪಡಿಸಿದ ಚಿಕ್ಕ ಉಪಕರಣದಿಂದ ಮೊಟ್ಟಮೊದಲಿಗೆ ಜೀವಂತ ಮನುಷ್ಯನ ಅಕ್ಷಿಪಟಲವನ್ನು ನೋಡುವುದು ಸಾಧ್ಯವಾಯಿತು. ನೋಡಿದ್ದನ್ನು ಚಿತ್ರ ತೆಗೆದಿಡುವುದು ಅಷ್ಟು ಸುಲಭವಾಗಲಿಲ್ಲ. 1886ರಲ್ಲಿ ಇಂಗ್ಲೆಂಡಿನ ಜಾಕ್ಮನ್ ಮತ್ತು ವೆಬ್‌ಸ್ಟರ್ ಎಂಬುವರು ಅದನ್ನು ಸಾಧಿಸಿದಾಗ, ಎರಡೂವರೆ ನಿಮಿಷ ಕಾಲ ಕಣ್ಣನ್ನು ಕದಲಿಸದೆ ಕೂರಬೇಕಾಗಿತ್ತು. ಕಾಕತಾಳೀಯವೆಂಬಂತೆ ಅದೇ 1886ರಲ್ಲಿ ಜರ್ಮನಿಯ ಹೈಡಲ್‌ಬರ್ಗಿನ ವೈದ್ಯ ವೈಲ್, ಕಾಮಾಲೆಯೊಡನೆ ಬರುವ ಇಲಿ ಜ್ವರವನ್ನು ವಿವರಿಸಿದನು. ಈಗಿನ ಕ್ಯಾಮೆರಾಗಳಲ್ಲಿ ಮಿಂಚು ಹೊಡೆದಷ್ಟು ಹೊತ್ತಿನಲ್ಲಿ ಚಿತ್ರ ಮುಗಿಯುತ್ತದೆ.

ಚಿತ್ರಕ್ಕೆ ಮೊದಲು ಕಣ್ಣಿಗೆ ಹನಿ ಹಾಕಿ ಪಾಪೆಯನ್ನು ಅಗಲಿಸುತ್ತಾರೆ. ಅದು ಅರಳಲು ಸುಮಾರು ಅರ್ಧ ಗಂಟೆ ಬೇಕು. ನಂತರ ನಾಲ್ಕಾರು ಗಂಟೆ ಹತ್ತಿರದ ಅಕ್ಷರಗಳು ಕಲೆಸಿದಂತೆ ಕಾಣುತ್ತವೆ, ಬಿಸಿಲು ಕುಕ್ಕುತ್ತದೆ. ಆ ದಿನ ಮೋಟಾರ್ ಸೈಕಲ್ ಓಡಿಸಿಕೊಂಡು ಹೋಗದೆ ಜೊತೆಗೊಬ್ಬರನ್ನು ಕರೆದುಕೊಂಡು ಹೋಗುವುದು ಕ್ಷೇಮ.

ಆರೋಗ್ಯವಂತ ಅಕ್ಷಿಪಟಲದ ಬಣ್ಣದ ಚಿತ್ರದಲ್ಲಿ ಕಿತ್ತಳೆಗೆಂಪು ನೆಲದ ಮೇಲೆ ಒಂದು ಪಕ್ಕಕ್ಕೆ ಹಳದಿ ಛಾಯೆಯ ದುಂಡು ಬಿಲ್ಲೆ ಕಾಣುತ್ತದೆ. ದೃಷ್ಟಿನರ ಮೆದುಳಿನ ಕಡೆಗೆ ಹೊರಡುವ ಜಾಗ ಅದು. ಅದರ ಅಂಚು ನಾಣ್ಯದ ಅಂಚಿನಂತೆ ಸ್ಪಷ್ಟವಾಗಿರುತ್ತದೆ. ಅಲ್ಲಿಂದ ರಕ್ತನಾಳಗಳು ಮರದ ಕೊಂಬೆಗಳಂತೆ ಕವಲೊಡೆದು ಹರಡಿರುತ್ತವೆ. ನಡುವೆ ತುಸು ಕಪ್ಪಾಗಿ ಕಾಣುವ ಚುಕ್ಕೆಯೇ ಅಕ್ಷರ ಓದುವ, ಸೂಜಿಗೆ ದಾರ ಪೋಣಿಸುವ ತೀಕ್ಷ್ಣ ದೃಷ್ಟಿಯ ಸ್ಥಾನ.

ಇಲಿ ಜ್ವರದ ಉರಿಯೂತವಿರುವ ಕಣ್ಣಿನಲ್ಲಿ ಚಿಕಿತ್ಸೆಗೆ ಮೊದಲು ತೆಗೆದ ಚಿತ್ರ ಹೀಗಿರುವುದಿಲ್ಲ. ಕದಡಿದ ಕೆರೆಯ ನೀರಿನಲ್ಲಿ ತಳವನ್ನು ನೋಡಿದಂತಿರುತ್ತದೆ. ನಡುವಿನ ಲೋಳೆಯಲ್ಲಿ ಬಿಳಿಯ ರಕ್ತಕಣಗಳು ತುಂಬಿ, ಕೆಲವೆಡೆ ತೆಳು ಪರದೆಗಳಂತೆ, ಕೆಲವೆಡೆ ಮಣಿ ಪೋಣಿಸಿದಂತೆ ಗಂಟುಗಂಟಾಗಿ ತೇಲುತ್ತಿರುತ್ತವೆ. ಬಿಲ್ಲೆ ಕೆಂಪೇರಿ ಅದರ ಅಂಚು ಅಳಿಸಿದಂತಾಗಿರುತ್ತದೆ. ರಕ್ತನಾಳಗಳ, ಮುಖ್ಯವಾಗಿ ಅಭಿಧಮನಿಗಳ ಎರಡೂ ಪಕ್ಕ ಬಿಳಿಯ ಒರೆ ಹಾಕಿದಂತೆ ಕಾಣಬಹುದು.

ಎರಡನೆಯ ಬಗೆಯ ಚಿತ್ರಕ್ಕೆ ಬಣ್ಣದ ದ್ರಾವಣ ಬೇಕು. ಫ್ಲೋರೆಸೀನ್ ಎಂಬ ಈ ಬಣ್ಣವನ್ನು 1871ರಲ್ಲಿ ಬೇಯರ್ ಎಂಬ ಜರ್ಮನ್ ರಸಾಯನ ವಿಜ್ಞಾನಿ ತಯಾರಿಸಿದನು. ನೀರಾವರಿಯ ಬಗ್ಗೆ ಆಸಕ್ತಿಯುಳ್ಳವರಿಗೆ ಇದರ ಹಿಂದಿನ ಕಥೆ ಸ್ವಾರಸ್ಯವಾಗಿದೆ. ಜರ್ಮನಿಯಲ್ಲಿ ಡ್ಯಾನ್ಯೂಬ್ ನದಿಯ ನೀರು ಒಂದೆಡೆ ನೆಲದೊಳಗೆ ಇಂಗಿಹೋಗುತ್ತಿತ್ತು. ಅದು ಹೋಗುವುದೆಲ್ಲಿಗೆ ಎಂದು ತಿಳಿಯಲು 1877ರಲ್ಲಿ ಅಲ್ಲಿಗೆ 10 ಕಿಲೊಗ್ರಾಂ ಈ ಬಣ್ಣವನ್ನು ಸುರಿದರು. ಎರಡು ಮೂರು ದಿನಗಳಲ್ಲಿ ಸುಮಾರು 12 ಕಿಲೊಮೀಟರ್ ದೂರದ ಆಖ್ ಎಂಬ ಬುಗ್ಗೆಯ ನೀರು ಹೊಳೆಯುವ ಹಸಿರಾಯಿತು. ನೀರು ಎಲ್ಲಿಂದ ಎಲ್ಲಿಗೆ ಸೋರುತ್ತಿದೆಯೆಂದು ತೋರಿಸಿದ ಅದೇ ಬಣ್ಣವನ್ನು ಕಣ್ಣಿನ ರಕ್ತನಾಳಗಳ ಸೋರಿಕೆ ಕಂಡುಹಿಡಿಯಲು ಬಳಸುವ ವಿಧಾನವನ್ನು ಅಮೆರಿಕದ ಇಂಡಿಯಾನ ವಿಶ್ವವಿದ್ಯಾನಿಲಯದ ನೊವಾಟ್ನಿ ಮತ್ತು ಆಲ್ವಿಸ್ ಎಂಬುವರು 1961ರಲ್ಲಿ ಪ್ರಕಟಿಸಿದರು.

ಬಣ್ಣವನ್ನು ತೋಳಿನ ರಕ್ತನಾಳಕ್ಕೆ ಚುಚ್ಚುತ್ತಾರೆ. ಹತ್ತು ಹದಿನೈದು ಸೆಕೆಂಡುಗಳಲ್ಲಿ ಅದು ಕಣ್ಣನ್ನು ತಲುಪುತ್ತದೆ. ನೀಲಿ ಬೆಳಕು ಬಿಟ್ಟಾಗ ಹಳದಿ ಹಸಿರಾಗಿ ಹೊಳೆಯುವ ಆ ಬಣ್ಣವನ್ನು ಕ್ಯಾಮೆರಾ ಒಂದರ ಮೇಲೊಂದರಂತೆ ಹತ್ತು ನಿಮಿಷಗಳವರೆಗೆ ಹಿಡಿಯುತ್ತದೆ. ಅಕ್ಷಿಪಟಲದ ಆರೋಗ್ಯವಂತ ರಕ್ತನಾಳದ ಗೋಡೆ ಗಾರೆ ಮಾಡಿದ ಕಾಲುವೆಯಂತೆ ಬಿಗಿಯಾಗಿದ್ದು ಬಣ್ಣವನ್ನು ಹೊರಗೆ ಬಿಡುವುದಿಲ್ಲ. ಉರಿಯೂತವಾದಾಗ ಗೋಡೆಯ ಬಿಗಿ ಸಡಿಲಾಗಿ ಬಣ್ಣ ಜಿನುಗುತ್ತದೆ. ಚಿತ್ರದಲ್ಲಿ ನಾಳದ ಪಕ್ಕ ಬೆಳ್ಳನೆಯ ಮಬ್ಬು ಹರಡುತ್ತದೆ. ಬಿಲ್ಲೆಯೂ ಬಣ್ಣ ಹೀರಿ ದೀಪದಂತೆ ಉರಿಯುತ್ತದೆ. ಬಣ್ಣದ ಫೋಟೋದಲ್ಲಿ ಏನೂ ಕಾಣದ ಕಡೆಯೂ ಇಲ್ಲಿ ಸೋರಿಕೆ ಕಾಣುವುದುಂಟು.

ಪರೀಕ್ಷೆಯ ನಂತರ ಕೆಲವು ಗಂಟೆ ಮೈ ಹಳದಿಯಾಗಿ, ಒಂದೆರಡು ದಿನ ಮೂತ್ರವೂ ಗಾಢ ಹಳದಿಯಾಗಿರುತ್ತದೆ. ಇದನ್ನು ಕಂಡು ಕಾಮಾಲೆ ಮರಳಿತೆಂದು ಗಾಬರಿಯಾಗಬೇಕಾದ್ದಿಲ್ಲ. ಕೆಲವರಿಗೆ ಚುಚ್ಚಿದ ಕೂಡಲೇ ಓಕರಿಕೆ ಬಂದು ಹೋಗುತ್ತದೆ. ಅಪರೂಪಕ್ಕೆ ಅಲರ್ಜಿಯಾಗಿ ಪ್ರಾಣಾಪಾಯವೂ ಆಗಬಹುದು. ಆದ್ದರಿಂದ ಹಿಂದೆ ಔಷಧಿಗಳಿಂದ ಅಲರ್ಜಿಯಾಗಿದ್ದವರು, ಉಬ್ಬಸ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ಮೊದಲೇ ತಿಳಿಸಬೇಕು. ಇಲಿ ಜ್ವರದಲ್ಲಿ ಮೂತ್ರಪಿಂಡ ಕೆಟ್ಟಿದ್ದರೆ ಈ ಮಾತನ್ನು ಅವಶ್ಯವಾಗಿ ಹೇಳತಕ್ಕದ್ದು.

ಮೂರನೆಯದು ಸೂಜಿಯ ಗೊಡವೆಯಿಲ್ಲದ ಪರೀಕ್ಷೆ. ಓಸಿಟಿ ಎಂದು ಕರೆಯುವ ಈ ವಿಧಾನವನ್ನು ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಮತ್ತು ಅವರ ಸಂಗಡಿಗರು 1991ರಲ್ಲಿ ಮೊದಲು ಪ್ರಕಟಿಸಿದರು. ಬೆಳಕನ್ನು ಬಿಟ್ಟು, ಬೇರೆ ಬೇರೆ ಆಳದಿಂದ ಮರಳಿ ಬರುವುದನ್ನು ಅಳೆದು ಅಕ್ಷಿಪಟಲದ ಸೀಳುನೋಟವನ್ನು ಬರೆಯುತ್ತದೆ. ಹೊಲದಲ್ಲಿ ಗುಂಡಿ ತೆಗೆದು ಮಣ್ಣಿನ ಪದರಗಳನ್ನು ನೋಡುವಂತೆ ಇಲ್ಲಿ ಅಕ್ಷಿಪಟಲದ ಪದರಗಳನ್ನು ಒಂದೊಂದಾಗಿ ನೋಡಬಹುದು, ಅದೂ ಗುಂಡಿ ತೆಗೆಯದೆ! ನಡುಚುಕ್ಕೆಯಲ್ಲಿ ಅಕ್ಷಿಪಟಲದ ದಪ್ಪ ಸುಮಾರು ಕಾಲು ಮಿಲಿಮೀಟರ್ ಮಾತ್ರ. ಅಲ್ಲಿ ನೀರು ತುಂಬಿ ಊದಿಕೊಂಡಿದ್ದರೆ ಜೌಗು ಹಿಡಿದ ಮಣ್ಣಿನಂತೆ ಪದರಗಳು ಉಬ್ಬಿ, ನಡುವೆ ಕಪ್ಪು ಪೊಟರೆಗಳು ಕಾಣುತ್ತವೆ. ಇಲಿ ಜ್ವರದ ಎಲ್ಲ ರೋಗಿಗಳಲ್ಲೂ ಹೀಗಾಗದು. ಆದರೆ ಆಗಿದ್ದಾಗ ಎಷ್ಟು ದಪ್ಪವಾಗಿದೆಯೆಂಬ ಲೆಕ್ಕ ಅಂಕಿಯಲ್ಲಿಯೇ ದೊರೆಯುವುದರಿಂದ ಚಿಕಿತ್ಸೆಯ ಪ್ರಗತಿಯನ್ನು ಅಳೆಯುವುದು ಸುಲಭ.

ಚಿಕಿತ್ಸೆ ಮತ್ತು ನಂತರದ ಚಿತ್ರ

ಚಿಕಿತ್ಸೆಯನ್ನು ವೈದ್ಯರೇ ನಿರ್ಧರಿಸತಕ್ಕದ್ದಾದರೂ ಅದರ ಸ್ವರೂಪ ರೈತರಿಗೆ ತಿಳಿದಿದ್ದರೆ ಒಳ್ಳೆಯದು. ಕ್ಷಯ, ಉಪದಂಶ ಮುಂತಾದ ರೋಗಗಳಿಂದಲೂ ಇಂಥದೇ ಉರಿಯೂತವಾಗುವುದರಿಂದ ಮೊದಲು ರಕ್ತ ಪರೀಕ್ಷೆ, ಎದೆಯ ಕ್ಷ-ಕಿರಣ ಚಿತ್ರಗಳಿಂದ ಅವುಗಳನ್ನು ಬೇರ್ಪಡಿಸುತ್ತಾರೆ. ಉರಿಯೂತವನ್ನು ತಗ್ಗಿಸಲು ಸ್ಟೀರಾಯ್ಡ್ ಹನಿಗಳನ್ನು ಮೊದಲಲ್ಲಿ ಗಂಟೆಗೊಮ್ಮೆ ಹಾಕಬೇಕಾಗಬಹುದು. ಹಿಂಭಾಗಕ್ಕೆ ಹರಡಿದ್ದರೆ ಮಾತ್ರೆ ಅಥವಾ ಕಣ್ಣಿನ ಪಕ್ಕದಲ್ಲಿ ಚುಚ್ಚುಮದ್ದು ಬೇಕಾಗುತ್ತದೆ. ಪಾಪೆ ಹಿಂದಿನ ಮಸೂರಕ್ಕೆ ಅಂಟಿಕೊಳ್ಳದಂತೆ ಅದನ್ನು ಅಗಲಿಸುವ ಹನಿಯನ್ನೂ ಕೊಡುತ್ತಾರೆ. ಜ್ವರ ಇರುವಾಗ ಡಾಕ್ಸಿಸೈಕ್ಲಿನ್, ಪೆನಿಸಿಲಿನ್ ಔಷಧಿಗಳ ಉಪಯೋಗ ಸ್ಪಷ್ಟ. ತಿಂಗಳುಗಳ ನಂತರದ ಕಣ್ಣಿನ ಉರಿಯೂತದಲ್ಲಿ ಅವುಗಳ ಪಾತ್ರದ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ.

ಚಿಕಿತ್ಸೆ ಸರಿಯಾಗಿ ನಡೆದರೆ ಮೊದಲು ಇಳಿಯುವುದು ನೋವು ಮತ್ತು ಹೊರಗಿನ ಕೆಂಪು. ತೊಡಕು ಇಲ್ಲಿಯೇ ಇದೆ. ಕನ್ನಡಿಯಲ್ಲಿ ಕಣ್ಣು ಬೆಳ್ಳಗಾದದ್ದನ್ನು ನೋಡಿ, ಬಸ್ಸಿನ ಖರ್ಚು, ಕೂಲಿ ನಷ್ಟಗಳನ್ನು ಲೆಕ್ಕ ಹಾಕಿ, ರೋಗಿಯು ಹನಿ ಮಾತ್ರೆಗಳನ್ನು ತಾನಾಗಿಯೇ ನಿಲ್ಲಿಸಿಬಿಡುತ್ತಾನೆ. ಕಣ್ಣಿನ ಹಿಂಭಾಗದ ಉರಿಯೂತ ಆರಲು ಇನ್ನೂ ಕಾಲ ಹಿಡಿಯುತ್ತದೆ. ಮುಂಭಾಗ ಬೆಳ್ಳಗಿದ್ದು ಹಿಂದೆ ರಕ್ತನಾಳಗಳು ಇನ್ನೂ ಸೋರುತ್ತಿರುವ ಕಣ್ಣನ್ನು ಹೊರಗಿನಿಂದ ಯಾರೂ ಗುರುತಿಸಲಾರರು. ಅದನ್ನು ಹೇಳುವುದು ಪಾಪೆ ಅಗಲಿಸಿ ಮಾಡುವ ಪರೀಕ್ಷೆ ಮತ್ತು ಎರಡನೆಯ ಸಲದ ಚಿತ್ರ. ಇದಕ್ಕಾಗಿಯೇ ವೈದ್ಯರು ಮತ್ತೆ ಬರಹೇಳುವುದು. ಕೆಲಸದ ದಿನ ಹಾಳಾದರೂ ಹೋಗಬೇಕಾದ ಪಯಣವಿದು ಎಂದು ಒತ್ತಿ ಹೇಳಬೇಕಾಗಿದೆ.

ಸ್ಟೀರಾಯ್ಡ್ ಮಾತ್ರೆಗಳನ್ನು ಹಠಾತ್ತನೆ ನಿಲ್ಲಿಸುವುದರಿಂದ ದೇಹಕ್ಕೂ ಅಪಾಯವಿದೆ. ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಹಾಗೆಂದು ಹೇಳಿದ ಅವಧಿಗಿಂತ ಹೆಚ್ಚು ಕಾಲ ಮುಂದುವರಿಸಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಆಗಬಹುದು, ಪೊರೆ ಬರಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಸಕ್ಕರೆ ಮೇಲೇರುತ್ತದೆ.

ವಾರಗಳ ನಂತರ ತೆಗೆದ ಚಿತ್ರವನ್ನು ಮೊದಲಿನದರ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಅಕ್ಷರ ಬಾರದವರಿಗೂ ತಿಳಿಯುತ್ತದೆ. ಕದಡಿದ ನೀರು ತಿಳಿಯಾಗಿ, ಬಿಲ್ಲೆಯ ಅಂಚು ಮತ್ತೆ ಮೂಡಿರುತ್ತದೆ. ಬಣ್ಣದ ಪರೀಕ್ಷೆಯನ್ನು ಮತ್ತೆ ಮಾಡಿದ್ದರೆ ಬಣ್ಣವು ನಾಳಗಳೊಳಗೇ ಉಳಿದಿರುತ್ತದೆ. ಓಸಿಟಿಯಲ್ಲಿ ಉಬ್ಬಿದ್ದ ಪದರ ತಗ್ಗಿ ನಡುವಿನ ಕುಳಿ ಮರಳಿ ಕಾಣುತ್ತದೆ. ಇಲಿ ಜ್ವರದ ಉರಿಯೂತದ ಒಂದು ವಿಶೇಷವೆಂದರೆ ಅಕ್ಷಿಪಟಲದ ಹಿಂದಿನ ಪದರವನ್ನು ಅದು ಸಾಮಾನ್ಯವಾಗಿ ಸುಡುವುದಿಲ್ಲ. ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯಿಂದ ಬರುವ ಉರಿಯೂತವು ವಾಸಿಯಾದ ಮೇಲೂ ಕಪ್ಪು ಅಂಚಿನ ಬಿಳಿ ಕಲೆಯನ್ನು ಶಾಶ್ವತವಾಗಿ ಬಿಟ್ಟುಹೋಗುತ್ತದೆ. ಇಲ್ಲಿ ಅಂಥ ಕಲೆ ಉಳಿಯುವುದು ಅಪರೂಪ. ಆದರೆ ಕೆಲವರಲ್ಲಿ ಮಸೂರಕ್ಕೆ ಬೇಗನೆ ಪೊರೆ ಬರುತ್ತದೆ. ಆಗ ಉರಿಯೂತ ಪೂರ್ತಿ ಶಮನವಾದ ಮೇಲೆ ಶಸ್ತ್ರಚಿಕಿತ್ಸೆ ಮಾಡಬೇಕಾಗುತ್ತದೆ.

ಚಿತ್ರವನ್ನು ಓದುವಲ್ಲಿಯೂ ಎಚ್ಚರ ಬೇಕು. ಎರಡನೆಯ ಚಿತ್ರ ಮಸುಕಾಗಿದ್ದರೆ ರೋಗ ಹೆಚ್ಚಿತೆಂದೇ ಅರ್ಥವಲ್ಲ. ಪಾಪೆ ಸಾಲದಷ್ಟು ಅಗಲಿರಬಹುದು, ಪೊರೆ ಅಡ್ಡ ಬಂದಿರಬಹುದು, ಕಣ್ಣು ಕದಲಿರಬಹುದು. ನಾಳಗಳ ಪಕ್ಕದ ಬಿಳಿಯ ಒರೆ ಉರಿಯೂತ ಆರಿದ ಮೇಲೂ ಉಳಿಯಬಹುದು. ಅದು ಜೀವಂತ ರೋಗವೋ ಹಳೆಯ ಗುರುತೋ ಎಂಬುದನ್ನು ಬಣ್ಣದ ಸೋರಿಕೆಯೇ ಹೇಳಬೇಕು. ಅಕ್ಷರಗಳ ಫಲಕ ಓದಿಸುವ ಹಳೆಯ ಪರೀಕ್ಷೆಯನ್ನು ಯಾವ ಯಂತ್ರವೂ ಇನ್ನೂ ಮನೆಗೆ ಕಳುಹಿಸಿಲ್ಲ.

ರೈತರು ಗಮನಿಸಬೇಕಾದದ್ದು

ಕೆಸರಿನ ಕೆಲಸಕ್ಕೆ ಮೊಣಕಾಲವರೆಗಿನ ರಬ್ಬರ್ ಬೂಟು ಒಳ್ಳೆಯದು. ನಾಟಿಗೆ ಅದು ಹೊಂದದೆಂಬ ದೂರು ನ್ಯಾಯವಾದದ್ದೇ. ಕನಿಷ್ಠ ಪಕ್ಷ ಗಾಯಗಳಿಗೆ ನೀರು ತಾಗದಂತೆ ಪಟ್ಟಿ ಕಟ್ಟಿ, ಕೆಲಸ ಮುಗಿದ ಕೂಡಲೇ ಸಾಬೂನಿನಿಂದ ಕೈಕಾಲು ತೊಳೆಯಬೇಕು. ಗದ್ದೆಯ ನೀರಿನಿಂದ ಮುಖ ತೊಳೆಯಬಾರದು. ಕೊಟ್ಟಿಗೆಯಲ್ಲಿ ಗಂಜಲ ನಿಲ್ಲದೆ ಹರಿದುಹೋಗುವಂತೆ ಇಳಿಜಾರು ಮಾಡಬೇಕು. ಧಾನ್ಯ, ಹಿಂಡಿಗಳನ್ನು ಇಲಿಗೆ ಎಟುಕದಂತಿಟ್ಟು, ಬದುಗಳ ಬಿಲಗಳನ್ನು ಊರವರೆಲ್ಲ ಒಟ್ಟಾಗಿ ಒಂದೇ ಕಾಲದಲ್ಲಿ ನಾಶಪಡಿಸಿದರೆ ಫಲ ಹೆಚ್ಚು. ಹಸು ಕಂದು ಹಾಕಿದರೆ ಕಸವನ್ನು ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯರಿಗೆ ತಿಳಿಸಬೇಕು. ರೋಗ ಹರಡಿರುವ ಕಡೆ, ಪ್ರವಾಹದ ನಂತರ, ಮುಂಜಾಗ್ರತೆಯಾಗಿ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಆರೋಗ್ಯ ಇಲಾಖೆಯವರು ಸೂಚಿಸುವುದುಂಟು. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಇದು ಸಾಮಾನ್ಯವಾಗಿ ಸಲ್ಲದಾದ್ದರಿಂದ ಕೇಳದೆ ನುಂಗಬಾರದು.

ಇಲಿ ಜ್ವರ ಬಂದು ಹೋದವರು ಆಸ್ಪತ್ರೆಯ ಚೀಟಿಯನ್ನು ಎಸೆಯದೆ ಇಟ್ಟುಕೊಳ್ಳಬೇಕು. ಮುಂದಿನ ಒಂದೆರಡು ವರ್ಷಗಳಲ್ಲಿ ಕಣ್ಣು ಕೆಂಪಾಗಿ ನೋಟ ಮಂಜಾದರೆ, ಕೇಳದಿದ್ದರೂ ಆ ಜ್ವರದ ತಿಂಗಳನ್ನೂ ಮಾಡುವ ಕಸುಬನ್ನೂ ವೈದ್ಯರಿಗೆ ತಾವಾಗಿಯೇ ಹೇಳಬೇಕು. ಜ್ವರ ಬಂದದ್ದು ನೆನಪಿಲ್ಲದಿದ್ದರೂ ಗದ್ದೆ ಕೊಟ್ಟಿಗೆಗಳ ಮಾತು ಬರಲಿ. ಸೋಂಕು ಅಷ್ಟಾಗಿ ಜ್ವರ ಕಾಣಿಸದೆಯೂ ಬಂದುಹೋಗುವುದುಂಟು. ಚಿಕಿತ್ಸೆಗೆ ಮೊದಲು ತೆಗೆದ ಚಿತ್ರಗಳ ಪ್ರತಿಯನ್ನು ಕೇಳಿ ಪಡೆದು, ಹಿಂದೆ ತಾರೀಖು ಬರೆದು, ಒದ್ದೆಯಾಗದಂತೆ ಇಡಬೇಕು. ಬೇರೆ ಊರಿನ ಆಸ್ಪತ್ರೆಗೆ ಹೋಗಬೇಕಾದಾಗ ಅಲ್ಲಿನ ವೈದ್ಯರಿಗೆ ಹೊಸ ಚಿತ್ರದ ಪಕ್ಕದಲ್ಲಿಟ್ಟು ನೋಡಲು ಬೇಕಾಗುವುದು ಅದೇ.